ಬೆಳಗಿನ ಜಾವದ ಮಂಕು: ನನ್ನ ಇನ್ಸುಲಿನೋಮಾ ಪತ್ತೆಯಾದ ಬಗೆ

ರಕ್ತದಲ್ಲಿ ಸಕ್ಕರೆ ಏರಿದಾಗ ಇನ್ಸುಲಿನ್ ಸ್ರವಿಸುವುದು, ಇಳಿದಾಗ ಅದನ್ನು ನಿಲ್ಲಿಸುವುದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳ ಕೆಲಸ. ಅದೇ ಕೋಶಗಳಿಂದ ಒಂದು ಗೆಡ್ಡೆ ಬೆಳೆದು, ಸಕ್ಕರೆ ಎಷ್ಟು ಕುಸಿದರೂ ಇನ್ಸುಲಿನ್ ಸುರಿಸುತ್ತಲೇ ಹೋದರೆ ಅದನ್ನು ಇನ್ಸುಲಿನೋಮಾ ಎನ್ನುತ್ತಾರೆ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಂದ ನಾಲ್ವರಿಗೆ ಬರುವ ಕಾಯಿಲೆ ಇದು. ಅರಸೀಕೆರೆ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿಯಾಗಿರುವ ನನಗೆ ಇದು ನಲವತ್ತು ದಾಟಿದ ಮೇಲೆ ಬಂತು. ಈ ರೋಗ ಮೊದಲು ಸಾಬೀತಾಗಬೇಕಾದದ್ದು ಸರಿಯಾದ ಗಳಿಗೆಯಲ್ಲಿ ತೆಗೆದ ರಕ್ತದಲ್ಲಿ. ಸ್ಕ್ಯಾನಿಂಗ್ ಏನಿದ್ದರೂ ಆಮೇಲಿನ ಮಾತು. ಈ ಕ್ರಮ ತಿಳಿಯದೆ ವರ್ಷಗಟ್ಟಲೆ ಅಲೆಯುವವರಿದ್ದಾರೆ. ಅಂಥವರ ಮನೆಯವರಲ್ಲಿ ಒಬ್ಬರಿಗಾದರೂ ಉಪಯೋಗವಾಗಲಿ ಎಂದು ನಾನು ಹಾದುಬಂದದ್ದನ್ನು ಬರೆಯುತ್ತಿದ್ದೇನೆ.

ನನಗೆ ಏನಾಗುತ್ತಿತ್ತು ಎಂಬುದರಲ್ಲಿ ಹೆಚ್ಚಿನ ಭಾಗ ನನ್ನ ನೆನಪಿನಲ್ಲಿಲ್ಲ. ಮಿದುಳು ತನ್ನ ಕೆಲಸಕ್ಕೆ ಬಹುಪಾಲು ಗ್ಲೂಕೋಸನ್ನೇ ನೆಚ್ಚಿಕೊಂಡಿರುವುದರಿಂದ ಸಕ್ಕರೆ ತೀರ ಇಳಿದಾಗ ಮೊದಲು ಮಂಕಾಗುವುದು ಅದೇ. ಆ ಹೊತ್ತಿನ ನೆನಪೂ ಉಳಿಯುವುದಿಲ್ಲ. ಹಾಗಾಗಿ ಮುಂದಿನದೆಲ್ಲ ಮನೆಯವರ ಬಾಯಿಂದ ಕೇಳಿದ್ದು. ಬೆಳಿಗ್ಗೆ ಐದೂವರೆಗೆ ಏಳುವ ನಾನು ಏಳುತ್ತಿರಲಿಲ್ಲ. ಎಬ್ಬಿಸಿದರೆ ಕಣ್ಣು ಬಿಡುತ್ತಿದ್ದೆ, ಆದರೆ ಯಾರ ಗುರುತೂ ಸಿಗದವಳಂತೆ ನೋಡುತ್ತಿದ್ದೆ. ರವಿಕೆ ಒದ್ದೆಯಾಗುವಷ್ಟು ಬೆವರು. ಒಮ್ಮೆ ಒಲೆಯ ಮೇಲೆ ಬರೀ ಪಾತ್ರೆ ಇಟ್ಟು ಅದನ್ನೇ ನೋಡುತ್ತ ನಿಂತಿದ್ದೆನಂತೆ. ಇನ್ನೊಮ್ಮೆ ಮಗ ಲೆಕ್ಕದ ಪುಸ್ತಕ ತಂದು ಏನೋ ಕೇಳಿದಾಗ ಅರ್ಥವಿಲ್ಲದ ಮಾತಾಡಿ ಅವನ ಮೇಲೆ ಕೂಗಿದೆನಂತೆ. ಹುಡುಗ ಹೆದರಿ ಅಜ್ಜಿಯ ಹಿಂದೆ ನಿಂತಿದ್ದ. ಅತ್ತೆಯವರು ಕಾಫಿ ತಂದು ಬಲವಂತವಾಗಿ ಕುಡಿಸಿದರೆ ಹತ್ತು ಹದಿನೈದು ನಿಮಿಷದಲ್ಲಿ ನಾನು ನಾನಾಗಿ, ಯಾಕೆ ಎಲ್ಲರೂ ನನ್ನ ಸುತ್ತ ನಿಂತಿದ್ದಾರೆ ಎಂದು ಕೇಳುತ್ತಿದ್ದೆ.

ಸೋಮವಾರದ ಉಪವಾಸದ ಮರುದಿನ ಇದು ಜೋರಾಗಿರುತ್ತಿತ್ತು. ಶಾಲೆಯಲ್ಲಿ ಊಟದ ವಿರಾಮ ತಡವಾದರೆ ಕಪ್ಪುಹಲಗೆಯ ಮೇಲಿನ ಅಕ್ಷರ ಎರಡೆರಡಾಗಿ ಕಾಣುತ್ತಿತ್ತು, ಕೈ ನಡುಗುತ್ತಿತ್ತು. ಏನಾದರೂ ತಿಂದರೆ ಹಾಯೆನಿಸುತ್ತಿದ್ದುದರಿಂದ ನನಗೇ ತಿಳಿಯದಂತೆ ತಿನ್ನುವುದು ಹೆಚ್ಚಿತು. ಕೈಚೀಲದಲ್ಲಿ ಬೆಲ್ಲದ ಚೂರು, ಬಿಸ್ಕತ್ತು ಸದಾ ಇರುತ್ತಿದ್ದವು. ತೂಕ ಏರುತ್ತ ಹೋಯಿತು. ಸಹೋದ್ಯೋಗಿಗಳು ಥೈರಾಯ್ಡ್ ಇರಬಹುದೆಂದರು, ಪರೀಕ್ಷಿಸಿದರೆ ಅದು ಸರಿಯಾಗಿಯೇ ಇತ್ತು. ಮುಟ್ಟು ನಿಲ್ಲುವ ಕಾಲದ ಬದಲಾವಣೆ ಎಂದವರಿದ್ದರು. ದೃಷ್ಟಿಯಾಗಿದೆ ಎಂದು ನಿವಾಳಿಸಿದ್ದಾಯಿತು, ದೇವಸ್ಥಾನಕ್ಕೆ ಹೋಗಿ ತಾಯತ ಕಟ್ಟಿಸಿದ್ದೂ ಆಯಿತು. ಇವರಲ್ಲಿ ಯಾರನ್ನೂ ನಾನು ದೂರುವುದಿಲ್ಲ. ಪ್ರತಿಯೊಬ್ಬರೂ ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದ್ದು.

ಒಂದು ಬೆಳಿಗ್ಗೆ ಕೈಕಾಲು ಸೆಟೆದು ಫಿಟ್ಸ್ ಬಂದ ಮೇಲೆ ವಿಷಯ ಬೇರೆಯಾಯಿತು. ಆಸ್ಪತ್ರೆ ಸೇರುವ ದಾರಿಯಲ್ಲಿ ಯಾರೋ ಬಾಯಿಗೆ ಸಕ್ಕರೆ ನೀರು ಹಾಕಿದ್ದರಂತೆ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕುವುದು ಅಪಾಯ. ಅದು ಶ್ವಾಸಕೋಶಕ್ಕೆ ಇಳಿಯಬಹುದು. ನನ್ನ ಪುಣ್ಯಕ್ಕೆ ಹಾಗಾಗಲಿಲ್ಲ. ಆದರೆ ಆಸ್ಪತ್ರೆ ತಲುಪುವಷ್ಟರಲ್ಲಿ ಸಕ್ಕರೆ ಏರಿ, ನೋಡಿದಾಗ ಎಲ್ಲವೂ ಸರಿಯಾಗಿತ್ತು. ತಲೆಯ ಸ್ಕ್ಯಾನ್ ಸರಿ, ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿಯೂ ಸರಿ. ಫಿಟ್ಸ್ ಮಾತ್ರೆ ಶುರುವಾಯಿತು. ಆ ಮಾತ್ರೆಯ ಮೇಲೂ ಬೆಳಗಿನ ಮಂಕು ಮುಂದುವರಿದಾಗ ಪ್ರಮಾಣ ಹೆಚ್ಚಿಸಿದರು. ಮಾನಸಿಕ ಒತ್ತಡಕ್ಕೂ ಒಂದು ಮಾತ್ರೆ ಸೇರಿತು. ಇನ್ಸುಲಿನೋಮಾ ಇರುವವರಲ್ಲಿ ಮೂರ್ಛೆರೋಗ ಅಥವಾ ಮನೋರೋಗವೆಂದು ಚಿಕಿತ್ಸೆ ಪಡೆದವರು ಬಹಳ ಎಂಬುದು ವೈದ್ಯಲೋಕದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೂ ಅದು ನಡೆಯುತ್ತಲೇ ಇದೆ, ಏಕೆಂದರೆ ಆಸ್ಪತ್ರೆ ತಲುಪುವ ಹೊತ್ತಿಗೆ ಸಾಕ್ಷ್ಯ ಅಳಿಸಿಹೋಗಿರುತ್ತದೆ.

ನನ್ನ ಪಾಲಿಗೆ ಸಾಕ್ಷ್ಯ ಸಿಕ್ಕಿದ್ದು ನಮ್ಮೂರಿನ ಸಣ್ಣ ನರ್ಸಿಂಗ್ ಹೋಮೊಂದರಲ್ಲಿ. ಮತ್ತೊಂದು ಸಲ ಫಿಟ್ಸ್ ಬಂದು ನಸುಕಿನಲ್ಲಿ ಅಲ್ಲಿಗೆ ಒಯ್ದಾಗ ಡಾಕ್ಟರು ಇನ್ನೂ ಬಂದಿರಲಿಲ್ಲ. ರಾತ್ರಿ ಪಾಳಿಯ ಸಿಸ್ಟರ್, ಏನನ್ನೂ ಕೊಡುವ ಮೊದಲು ಬೆರಳು ಚುಚ್ಚಿ ಗ್ಲುಕೋಮೀಟರಿನಲ್ಲಿ ನೋಡಿದರು: 34, ತೀರ ಕಡಿಮೆ. ಕೂಡಲೇ ರಕ್ತನಾಳಕ್ಕೆ ಸಕ್ಕರೆ ದ್ರಾವಣವಾದ ಡೆಕ್ಸ್‌ಟ್ರೋಸ್ ಕೊಟ್ಟರು. ಕೆಲವೇ ನಿಮಿಷದಲ್ಲಿ ನಾನು ಕಣ್ಣು ಬಿಟ್ಟು ಮಾತಾಡಿದೆ. ಆ ಸಿಸ್ಟರ್ ಚೀಟಿಯ ಮೇಲೆ ಸಮಯ, ಸಂಖ್ಯೆ, ಆಗ ನಾನಿದ್ದ ಸ್ಥಿತಿ, ಡೆಕ್ಸ್‌ಟ್ರೋಸ್ ಕೊಟ್ಟ ಮೇಲಿನ ಸ್ಥಿತಿ, ಇಷ್ಟನ್ನೂ ಬರೆದಿಟ್ಟಿದ್ದರು. ಮುಂದೆ ಬೆಂಗಳೂರಿನವರೆಗೆ ನನ್ನ ಜೊತೆ ಬಂದ ಕಡತದಲ್ಲಿ ಅತ್ಯಂತ ಬೆಲೆಯುಳ್ಳ ಕಾಗದ ಅದೇ. ಸಕ್ಕರೆ ಕಾಯಿಲೆ ಇಲ್ಲದವರಿಗೂ, ಮೊದಲ ಸಲ ಫಿಟ್ಸ್ ಬಂದವರಿಗೂ, ಇದ್ದಕ್ಕಿದ್ದಂತೆ ವಿಚಿತ್ರವಾಗಿ ನಡೆದುಕೊಳ್ಳುವವರಿಗೂ ಎಲ್ಲಕ್ಕಿಂತ ಮೊದಲು ಬೆರಳು ಚುಚ್ಚಿ ನೋಡಬೇಕು ಎಂದು ನಾನು ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ. ಗ್ಲುಕೋಮೀಟರ್ ಇಂದು ನಮ್ಮ ಬೀದಿ ಬೀದಿಯಲ್ಲಿದೆ. ಮಧುಮೇಹ ಇಲ್ಲದವರಿಗೆ ಅದನ್ನು ಹಿಡಿಯಬೇಕೆಂದು ಹೊಳೆಯುವುದಿಲ್ಲ, ಅಷ್ಟೇ.

ಜಿಲ್ಲಾ ಕೇಂದ್ರದ ಫಿಸಿಷಿಯನ್ ಒಬ್ಬರ ಬಳಿ ಆ ಚೀಟಿಯೊಂದಿಗೆ ಹೋದೆವು. ಅವರು ನನ್ನನ್ನು ಕಡಿಮೆ ಕೇಳಿದರು, ಅತ್ತೆಯವರನ್ನು ಹೆಚ್ಚು ಕೇಳಿದರು. "ನೀವು ಏನು ನೋಡಿದಿರಿ ಹೇಳಿ ಅಮ್ಮ" ಎಂದರು. ಅತ್ತೆಯವರು, "ಏನಿಲ್ಲ ಸ್ವಾಮಿ, ಕಾಫಿ ಕುಡಿದ್ರೆ ಸರಿಹೋಗ್ತಾಳೆ. ಸಕ್ಕರೆ ಜಾಸ್ತಿ ಹಾಕಿ ಕೊಟ್ರೆ ಇನ್ನೂ ಬೇಗ" ಎಂದರು. ಡಾಕ್ಟರು ಆ ಮಾತನ್ನು ಹಾಗೆಯೇ ಬರೆದುಕೊಂಡರು. ವಿಪ್ಪಲ್ ತ್ರಿಕ ಎಂಬುದರ ಬಗ್ಗೆ ನಾನು ಮೊದಲು ಕೇಳಿದ್ದು ಅಂದು. ನ್ಯೂಯಾರ್ಕಿನ ಶಸ್ತ್ರವೈದ್ಯ ಅಲೆನ್ ವಿಪ್ಪಲ್ 1930ರ ದಶಕದಲ್ಲಿ ಇಂಥ ರೋಗಿಗಳ ಹೊಟ್ಟೆ ತೆರೆಯುವ ಮೊದಲು ಮೂರು ಸಂಗತಿ ಖಚಿತವಾಗಿರಬೇಕೆಂದು ನಿಯಮ ಮಾಡಿಕೊಂಡಿದ್ದರು: ಸಕ್ಕರೆ ಇಳಿದದ್ದರ ಲಕ್ಷಣಗಳು ಇರಬೇಕು, ಆ ಹೊತ್ತಿನಲ್ಲೇ ರಕ್ತದ ಸಕ್ಕರೆ ಕಡಿಮೆ ಇರುವುದು ಅಳೆದು ಕಂಡಿರಬೇಕು, ಸಕ್ಕರೆ ಕೊಟ್ಟ ಮೇಲೆ ಲಕ್ಷಣಗಳು ಮಾಯವಾಗಬೇಕು. ಮೊದಲನೆಯದನ್ನು ಮನೆಯವರೆಲ್ಲ ನೋಡಿದ್ದರು, ಎರಡನೆಯದನ್ನು ಸಿಸ್ಟರ್ ಅಳೆದಿದ್ದರು, ಮೂರನೆಯದನ್ನು ಓದು ಬರಹ ಹೆಚ್ಚಿಲ್ಲದ ನಮ್ಮ ಅತ್ತೆ ವರ್ಷದಿಂದ ಗಮನಿಸಿಕೊಂಡು ಬಂದಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ.

ಅಲ್ಲಿಂದ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಹಾರ್ಮೋನು ತಜ್ಞರಿಗೆ ಬರೆದುಕೊಟ್ಟರು. ಅಷ್ಟರಲ್ಲಿ ನಮ್ಮ ಯಜಮಾನರ ಗೆಳೆಯರೊಬ್ಬರ ಸಲಹೆಯಂತೆ ಹೊಟ್ಟೆಯ ಸ್ಕ್ಯಾನಿಂಗ್ ಆಗಿತ್ತು, ಅದರಲ್ಲಿ ಏನೂ ಕಂಡಿರಲಿಲ್ಲ. ತಜ್ಞೆ ಆ ವರದಿಯನ್ನು ಪಕ್ಕಕ್ಕಿಟ್ಟರು. ಈ ಗೆಡ್ಡೆಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಎರಡು ಸೆಂಟಿಮೀಟರಿಗಿಂತ ಚಿಕ್ಕವು, ಹೊಟ್ಟೆಯ ಸಾಮಾನ್ಯ ಅಲ್ಟ್ರಾಸೌಂಡಿನಲ್ಲಿ ಕಾಣದಿರುವುದೇ ಹೆಚ್ಚು. ಅಲ್ಲದೆ ಮೇದೋಜೀರಕದಲ್ಲಿ ಯಾವುದೋ ನಿರುಪದ್ರವಿ ಗಂಟು ಕಂಡು, ಅದೇ ಕಾರಣವೆಂದು ತೆಗೆದುಹಾಕಿ, ರೋಗ ಹಾಗೆಯೇ ಉಳಿಯುವ ಸಾಧ್ಯತೆಯೂ ಇದೆ ಎಂದರು. ಆದ್ದರಿಂದ ಮೊದಲು ರಕ್ತ ಹೇಳಬೇಕು.

ಅವರು ಕೇಳಿದ ಪ್ರಶ್ನೆಗಳು ಮೊದಮೊದಲು ಕಸಿವಿಸಿ ಉಂಟುಮಾಡಿದವು. "ಮನೇಲಿ ಯಾರಿಗೆ ಸಕ್ಕರೆ ಕಾಯಿಲೆ ಇದೆ? ಅವರ ಮಾತ್ರೆ ಎಲ್ಲಿಡ್ತೀರಿ? ಇನ್ಸುಲಿನ್ ತಗೊಳ್ಳೋರು ಯಾರಾದ್ರೂ ಇದ್ದಾರಾ?" ಅತ್ತೆಯವರು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ನಾನೇ ಗುಟ್ಟಾಗಿ ಅದನ್ನು ನುಂಗುತ್ತಿದ್ದೇನೆಂದೋ, ಮನೆಯವರು ಕೊಡುತ್ತಿದ್ದಾರೆಂದೋ ಇವರು ಅನುಮಾನಿಸುತ್ತಿದ್ದಾರೆ ಎನಿಸಿ ನಮ್ಮ ಯಜಮಾನರ ಮುಖ ಕೆಂಪಾಯಿತು. ತಜ್ಞೆ ಸಮಾಧಾನದಿಂದ ವಿವರಿಸಿದರು. ಆ ಗುಂಪಿನ ಮಾತ್ರೆಗಳು ಬೀಟಾ ಕೋಶಗಳಿಂದಲೇ ಇನ್ಸುಲಿನ್ ಹೊರಡಿಸುತ್ತವೆ. ಆದ್ದರಿಂದ ರಕ್ತಪರೀಕ್ಷೆಯಲ್ಲಿ ಅದು ಗೆಡ್ಡೆಯಂತೆಯೇ ಕಾಣುತ್ತದೆ. ಔಷಧಿ ಅಂಗಡಿಯಲ್ಲಿ ಒಂದರ ಬದಲು ಇನ್ನೊಂದು ಕೊಟ್ಟು, ಡಬ್ಬಿ ಅದಲುಬದಲಾಗಿ, ತಿಳಿಯದೆ ನುಂಗಿದವರಿದ್ದಾರೆ. ಅದನ್ನು ತಳ್ಳಿಹಾಕದೆ ಯಾರ ಹೊಟ್ಟೆಯನ್ನೂ ಕೊಯ್ಯಬಾರದು. ಅವರ ಮಾತಿನ ನ್ಯಾಯ ನಮಗೆ ಹಿಡಿಸಿತು. ಮಾತ್ರೆಯ ಅಂಶ ಹುಡುಕುವ ಪರೀಕ್ಷೆಗೂ ಒಪ್ಪಿದೆವು.

ಕಾಲು ಜುಮ್ಮೆನ್ನುತ್ತದೆ ಎಂದಾಗ ಯಾರೋ ಬರೆದುಕೊಟ್ಟಿದ್ದ ನರಗಳ ವಿಟಮಿನ್ ಮಾತ್ರೆಯ ಪಟ್ಟಿಯನ್ನೂ ಅವರು ತಿರುಗಿಸಿ ಓದಿದರು. ಅದರಲ್ಲಿ ಆಲ್ಫಾ ಲಿಪೋಯಿಕ್ ಆಮ್ಲ ಇತ್ತು. ಕೆಲವರಲ್ಲಿ ಇದು ದೇಹವನ್ನು ತನ್ನ ಇನ್ಸುಲಿನ್ ವಿರುದ್ಧವೇ ಪ್ರತಿಕಾಯ ತಯಾರಿಸುವಂತೆ ಪ್ರಚೋದಿಸುತ್ತದೆ. ಆ ಪ್ರತಿಕಾಯಗಳು ಇನ್ಸುಲಿನ್ನನ್ನು ಹಿಡಿದಿಟ್ಟುಕೊಂಡು, ಆಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಬಿಡುತ್ತವೆ, ಸಕ್ಕರೆ ಕುಸಿಯುತ್ತದೆ. ಜಪಾನಿನ ಹಿರಾಟ 1970ರಲ್ಲಿ ವಿವರಿಸಿದ ಈ ಕಾಯಿಲೆಗೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ಕಾರಣವಾದ ಮಾತ್ರೆ ನಿಲ್ಲಿಸಿದರೆ ಬಹುತೇಕ ತಾನಾಗಿ ಶಮನವಾಗುತ್ತದೆ. ಶಕ್ತಿಗೆಂದು, ನರಕ್ಕೆಂದು ನಮ್ಮಲ್ಲಿ ಧಾರಾಳವಾಗಿ ಬರೆಯುವ ಮಾತ್ರೆಗಳಲ್ಲಿ ಈ ಅಂಶ ಇರುವುದರಿಂದ ಇದು ತಿಳಿದಿರಬೇಕಾದ ವಿಷಯ. ನನ್ನ ಮಾತ್ರೆ ನಿಲ್ಲಿಸಿದರು, ಪ್ರತಿಕಾಯ ಪರೀಕ್ಷೆಯನ್ನೂ ಮಾಡಿಸಿದರು. ಪ್ರತಿಕಾಯ ಇರಲಿಲ್ಲ, ಬೆಳಗಿನ ಮಂಕೂ ನಿಲ್ಲಲಿಲ್ಲ.

ಇನ್ನು ಉಪವಾಸದ ಪರೀಕ್ಷೆ. ಎಪ್ಪತ್ತೆರಡು ಗಂಟೆಯ ಉಪವಾಸ ಎಂದು ಅದರ ಹೆಸರು. ಆಸ್ಪತ್ರೆಗೆ ಸೇರಿಸಿಕೊಂಡು, ವೈದ್ಯರ ಕಣ್ಣೆದುರಿನಲ್ಲೇ ಸಕ್ಕರೆ ಇಳಿಯಲು ಬಿಟ್ಟು, ಇಳಿದ ಗಳಿಗೆಯಲ್ಲಿ ರಕ್ತ ತೆಗೆಯುವುದು ಇದರ ತಿರುಳು. ಮನೆಯಲ್ಲಿ ಎಂದಿಗೂ ಮಾಡಬಾರದ ಪರೀಕ್ಷೆ. ರೋಗ ಇದ್ದವರಲ್ಲಿ ಮೂವರಲ್ಲಿ ಇಬ್ಬರಿಗೆ ಮೊದಲ ದಿನದೊಳಗೇ ಸಕ್ಕರೆ ಕುಸಿಯುತ್ತದೆ, ಎರಡು ದಿನ ಮುಗಿಯುವಷ್ಟರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ. ಹಾಗಾಗಿ ಮೂರು ದಿನ ಪೂರ್ತಿ ಬೇಕಾಗುವುದು ಕಡಿಮೆ. ಸಂಜೆ ಊಟ ಮಾಡಿಸಿ, ತಟ್ಟೆ ಎತ್ತಿದ ಹೊತ್ತನ್ನು ಕೇಸ್ ಶೀಟಿನಲ್ಲಿ ಬರೆದರು. ಆಮೇಲೆ ಬರೀ ನೀರು. ಕೈಗೆ ಸೂಜಿ ಹಾಕಿ ಸಿದ್ಧವಾಗಿಟ್ಟಿದ್ದರು, ತಲೆದೆಸೆಯಲ್ಲಿ ಡೆಕ್ಸ್‌ಟ್ರೋಸ್ ಇತ್ತು. ಎಚ್ಚರವಿದ್ದಾಗ ವಾರ್ಡಿನಲ್ಲಿ ಓಡಾಡುತ್ತಿರಬೇಕೆಂದರು. ಮಲಗಿಯೇ ಇದ್ದರೆ ಸಕ್ಕರೆ ಇಳಿಯುವುದು ತಡ. ಮೊದಲಿಗೆ ಆರು ಗಂಟೆಗೊಮ್ಮೆ ರಕ್ತ. ಅರವತ್ತಕ್ಕಿಂತ ಕೆಳಗಿಳಿದ ಮೇಲೆ ಗಂಟೆ ಎರಡು ಗಂಟೆಗೊಮ್ಮೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಗ್ಲುಕೋಮೀಟರ್ ಕೆಳಮಟ್ಟದ ಸಂಖ್ಯೆಗಳಲ್ಲಿ ಅಷ್ಟು ನಂಬಿಕೆಗೆ ಅರ್ಹವಲ್ಲ. ಅದು ದಾರಿ ತೋರಿಸಬಹುದು, ಆದರೆ ಪರೀಕ್ಷೆ ಮುಗಿಸುವ ತೀರ್ಮಾನಕ್ಕೆ ಪ್ರಯೋಗಾಲಯದ ಸಂಖ್ಯೆಯೇ ಬೇಕು. ಗ್ಲೂಕೋಸಿಗೆ ಬೂದು ಮುಚ್ಚಳದ ಟ್ಯೂಬು, ಅದರಲ್ಲಿ ಫ್ಲೋರೈಡ್ ಇರುತ್ತದೆ; ಇಲ್ಲವಾದರೆ ಟ್ಯೂಬಿನೊಳಗಿನ ರಕ್ತಕಣಗಳೇ ಸಕ್ಕರೆ ತಿಂದು ಸಂಖ್ಯೆ ಸುಳ್ಳಾಗಿ ಕೆಳಗಿಳಿಯುತ್ತದೆ. ಇನ್ಸುಲಿನ್ ಪರೀಕ್ಷೆಯ ರಕ್ತದಲ್ಲಿ ಕಣಗಳು ಒಡೆದರೆ ಇನ್ಸುಲಿನ್ ಕರಗಿ ಕಡಿಮೆ ತೋರಿಸುತ್ತದೆ. ರಾತ್ರಿ ಹೊತ್ತಿನಲ್ಲಿ ರಕ್ತ ತೆಗೆಯಲು ಬಂದ ಕಿರಿಯ ವೈದ್ಯೆ ಟ್ಯೂಬುಗಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ತಾವೇ ಪ್ರಯೋಗಾಲಯಕ್ಕೆ ಕೊಂಡೊಯ್ಯುತ್ತಿದ್ದರು. ನನ್ನ ಜೀವನದ ಅತಿ ಮುಖ್ಯ ರಕ್ತ ಅಂಥ ಕೈಯಲ್ಲಿತ್ತು ಎಂಬುದಕ್ಕೆ ನಾನು ಇಂದಿಗೂ ಕೃತಜ್ಞಳು.

ಪ್ರತಿ ಸಲವೂ ಅವರು ನನಗೆ ಸಣ್ಣ ಲೆಕ್ಕ ಕೊಡುತ್ತಿದ್ದರು: ನೂರರಿಂದ ಏಳೇಳು ಕಳೆಯುತ್ತ ಹೋಗಿ. ದಿನವಿಡೀ ಮಕ್ಕಳಿಗೆ ಗಣಿತ ಹೇಳುವವಳಿಗೆ ಇದೇನು ದೊಡ್ಡದು? ಸಂಜೆ ಸರಾಗವಾಗಿ ಹೇಳಿದೆ. ನಸುಕಿನ ಹೊತ್ತಿಗೆ ತೊಂಬತ್ತಮೂರರ ನಂತರ ಏನೂ ಹೊಳೆಯಲಿಲ್ಲವಂತೆ. ಸುಮ್ಮನೆ ಅವರ ಪೆನ್ನನ್ನು ನೋಡುತ್ತಿದ್ದೆನಂತೆ, ಹೆಸರು ಕೇಳಿದರೆ ನನ್ನ ಹೆಸರಿನ ಬದಲು ತಂಗಿಯ ಹೆಸರು ಹೇಳಿದೆನಂತೆ. ಆಗ ಪ್ರಯೋಗಾಲಯದ ಗ್ಲೂಕೋಸ್ 38. ಆ ಒಂದೇ ಚುಚ್ಚಿನಲ್ಲಿ ಇನ್ಸುಲಿನ್, ಸಿ-ಪೆಪ್ಟೈಡ್, ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್ ಎಂಬ ಕೀಟೋನು, ಎಲ್ಲಕ್ಕೂ ರಕ್ತ ತೆಗೆದರು. ರಕ್ತ ತೆಗೆದಾದ ಮೇಲೆ, ಅದಕ್ಕೆ ಮೊದಲಲ್ಲ, ಯಕೃತ್ತಿನ ಸಕ್ಕರೆಯನ್ನು ಹೊರಬಿಡಿಸುವ ಗ್ಲುಕಗಾನ್ ಎಂಬ ಹಾರ್ಮೋನಿನ ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷಕ್ಕೊಮ್ಮೆ ಮೂರು ಸಲ ಸಕ್ಕರೆ ನೋಡಿ, ಕೊನೆಗೆ ಹಣ್ಣಿನ ರಸ ಕುಡಿಸಿದರು, ಇಡ್ಲಿ ತಿನ್ನಿಸಿದರು. ನನಗೆ ನೆನಪಿರುವುದು ಇಡ್ಲಿಯಿಂದ ಮುಂದಿನದು.

ವರದಿ ಬಂದ ದಿನ ತಜ್ಞೆ ಕಾಗದದ ಮೇಲೆ ಬರೆದು ತೋರಿಸಿದರು. ಸಕ್ಕರೆ 55ಕ್ಕಿಂತ ಕೆಳಗಿರುವಾಗ ಆರೋಗ್ಯವಂತರ ಇನ್ಸುಲಿನ್ 3 ಘಟಕಕ್ಕಿಂತ ಕಡಿಮೆ ಇರಬೇಕು. ನನ್ನದು 14 ಇತ್ತು. ದೇಹ ಇನ್ಸುಲಿನ್ ತಯಾರಿಸುವಾಗ ಒಂದು ದೊಡ್ಡ ಅಣುವನ್ನು ಕತ್ತರಿಸಿ ಇನ್ಸುಲಿನ್ ಮತ್ತು ಸಿ-ಪೆಪ್ಟೈಡ್ ಎಂಬ ಎರಡು ತುಂಡು ಮಾಡುತ್ತದೆ, ಎರಡೂ ಸಮಸಮ ಹೊರಬರುತ್ತವೆ. ಔಷಧಿ ಅಂಗಡಿಯ ಇನ್ಸುಲಿನ್‌ನಲ್ಲಿ ಸಿ-ಪೆಪ್ಟೈಡ್ ಇರುವುದಿಲ್ಲ. ನನ್ನಲ್ಲಿ ಸಿ-ಪೆಪ್ಟೈಡ್ 0.6ರ ಮಿತಿಯನ್ನು ದಾಟಿ 2.9 ಇತ್ತು, ಅಂದರೆ ಈ ಇನ್ಸುಲಿನ್ ನನ್ನ ದೇಹದ್ದೇ. ಅಷ್ಟು ಹೊತ್ತು ಉಪವಾಸವಿದ್ದು ಸಕ್ಕರೆ ಕುಸಿದವರಲ್ಲಿ ಕೊಬ್ಬು ಕರಗಿ ಕೀಟೋನುಗಳು ಏರಬೇಕಿತ್ತು, ಇನ್ಸುಲಿನ್ ತಡೆಹಿಡಿದಿದ್ದರಿಂದ ಅವು ಏರಿರಲಿಲ್ಲ. ಗ್ಲುಕಗಾನ್ ಕೊಟ್ಟಾಗ ಸಕ್ಕರೆ 25ಕ್ಕಿಂತ ಹೆಚ್ಚು ಜಿಗಿದಿತ್ತು. ಯಕೃತ್ತಿನಲ್ಲಿ ದಾಸ್ತಾನು ಇದ್ದೂ ಇನ್ಸುಲಿನ್ ಅದನ್ನು ಹೊರಬಿಡದಂತೆ ಕಟ್ಟಿಹಾಕಿತ್ತು ಎಂಬುದಕ್ಕೆ ಅದು ಸಾಕ್ಷಿ. ಅತ್ತೆಯವರ ಮಾತ್ರೆಯ ಅಂಶ ನನ್ನ ರಕ್ತದಲ್ಲಿ ಇರಲಿಲ್ಲ. ಒಂದು ಸಂಖ್ಯೆ ಇನ್ನೊಂದರ ಮಾತನ್ನು ಅನುಮೋದಿಸುತ್ತ ಹೋದ ಆ ಕಾಗದವನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಇಷ್ಟು ಕಾಲ ನನ್ನ ಸ್ವಭಾವವೇ ಕೆಟ್ಟಿದೆ ಎಂದುಕೊಂಡಿದ್ದೆ. ಅದಲ್ಲ ಎಂದು ಮೊದಲ ಬಾರಿ ಅನಿಸಿದ್ದು ಅದನ್ನು ಓದಿದಾಗ.

ಈ ರೋಗದ ಇತಿಹಾಸವನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಕುಳಿತು ಓದಿದೆ. ಟೊರೊಂಟೊದಲ್ಲಿ ಇನ್ಸುಲಿನ್ ಪತ್ತೆಯಾದದ್ದು 1921ರಲ್ಲಿ. ಅದನ್ನು ಹೆಚ್ಚಾಗಿ ಚುಚ್ಚಿಸಿಕೊಂಡ ಮಧುಮೇಹಿಗಳು ಬೆವರಿ ಮಂಕಾಗುವುದನ್ನು ಕಂಡ ಅಮೆರಿಕದ ಸೀಲ್ ಹ್ಯಾರಿಸ್, ಚುಚ್ಚಿಸಿಕೊಳ್ಳದವರಲ್ಲೂ ಇದೇ ಚಿತ್ರ ಇರುವುದನ್ನು ಗಮನಿಸಿ, ದೇಹವೇ ಹೆಚ್ಚು ಇನ್ಸುಲಿನ್ ಸುರಿಸುವುದುಂಟು ಎಂದು 1924ರಲ್ಲಿ ಬರೆದರು. 1927ರಲ್ಲಿ ಮೇಯೋ ಕ್ಲಿನಿಕ್ಕಿನಲ್ಲಿ ವಿಲಿಯಂ ಮೇಯೋ ಇಂಥ ಒಬ್ಬ ರೋಗಿಯ ಹೊಟ್ಟೆ ತೆರೆದಾಗ ಗೆಡ್ಡೆ ಯಕೃತ್ತಿಗೂ ಹರಡಿತ್ತು. ಆ ರೋಗಿ ಸ್ವತಃ ಶಸ್ತ್ರವೈದ್ಯರು, ಉಳಿಯಲಿಲ್ಲ. ಎರಡು ವರ್ಷದ ನಂತರ, 1929ರಲ್ಲಿ, ಟೊರೊಂಟೊದ ರಾಸ್ಕೋ ಗ್ರಹಾಂ ಒಬ್ಬ ಮಹಿಳೆಯ ಮೇದೋಜೀರಕದಿಂದ ಗೆಡ್ಡೆ ತೆಗೆದು ಆಕೆಯನ್ನು ಪೂರ್ತಿ ಗುಣಪಡಿಸಿದರು. ಸ್ಕ್ಯಾನ್ ಇಲ್ಲದ ಕಾಲದಲ್ಲಿ, ಬರೀ ಲಕ್ಷಣ ಮತ್ತು ಸಕ್ಕರೆಯ ಸಂಖ್ಯೆ ನಂಬಿ, ಕೈಬೆರಳಿನಿಂದ ತಡವಿ ಹುಡುಕಿದ ಗೆಡ್ಡೆ ಅದು. ಆ ಹೆಸರು ತಿಳಿಯದ ಹೆಂಗಸಿನ ಬಗ್ಗೆ ನನಗೆ ಅಂದು ಹತ್ತಿರದವರ ಮೇಲಿರುವಂಥ ಅಕ್ಕರೆ ಹುಟ್ಟಿತು.

ಗೆಡ್ಡೆ ಎಲ್ಲಿದೆ ಎಂದು ಹುಡುಕುವ ಘಟ್ಟಕ್ಕೆ ಬಂದಾಗ ಒಂದು ಎಚ್ಚರಿಕೆ ಹೇಳಲೇಬೇಕು. ಸಿಟಿ ಸ್ಕ್ಯಾನ್, ಎಂಡೋಸ್ಕೋಪಿ, ಶಸ್ತ್ರಚಿಕಿತ್ಸೆ, ಎಲ್ಲಕ್ಕೂ ಖಾಲಿ ಹೊಟ್ಟೆಯಲ್ಲಿ ಬನ್ನಿ ಎನ್ನುತ್ತಾರೆ. ಈ ರೋಗ ಇದ್ದವರಿಗೆ ಖಾಲಿ ಹೊಟ್ಟೆಯೇ ಅಪಾಯ. ಸ್ಕ್ಯಾನಿಂಗ್ ವಿಭಾಗದ ಸಿಬ್ಬಂದಿಗೆ ಇದು ಗೊತ್ತಿರಬೇಕೆಂದಿಲ್ಲ. ನಮ್ಮ ತಜ್ಞೆ ಪ್ರತಿ ಸಲವೂ ಚೀಟಿಯ ಮೇಲೆ ದೊಡ್ಡದಾಗಿ ಬರೆಯುತ್ತಿದ್ದರು: ಡೆಕ್ಸ್‌ಟ್ರೋಸ್ ಡ್ರಿಪ್ ಹಾಕದೆ ಕಾಯಿಸಬಾರದು, ಬೆಳಗಿನ ಮೊದಲ ಸರದಿ ಕೊಡಬೇಕು.

ಮೇದೋಜೀರಕಕ್ಕೆಂದೇ ಮಾಡುವ ಸಿಟಿ ಸ್ಕ್ಯಾನಿನಲ್ಲಿ, ಬಣ್ಣದ ಔಷಧಿ ಧಮನಿಗಳಲ್ಲಿ ಹರಿಯುವ ಮೊದಲ ಕ್ಷಣಗಳ ಚಿತ್ರ ಮುಖ್ಯ; ರಕ್ತನಾಳ ಹೆಚ್ಚಿರುವ ಈ ಗೆಡ್ಡೆಗಳು ಆಗ ಬೆಳಗುತ್ತವೆ. ನನ್ನದರಲ್ಲಿ ಗ್ರಂಥಿಯ ನಡುಭಾಗದಲ್ಲಿ ಏನೋ ಇರಬಹುದೆಂಬ ಅನುಮಾನ ಮಾತ್ರ ಬಂತು. ಗೆಡ್ಡೆಯನ್ನು ನಿಚ್ಚಳವಾಗಿ ತೋರಿಸಿದ್ದು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್: ಬಾಯಿಯಿಂದ ನಳಿಕೆ ಇಳಿಸಿ ಜಠರದ ಗೋಡೆಯಾಚೆಗೇ ಇರುವ ಮೇದೋಜೀರಕವನ್ನು ಹತ್ತಿರದಿಂದ ನೋಡುವ ವಿಧಾನ. ಗ್ರಂಥಿಯ ನಡುಭಾಗದಲ್ಲಿ, ಮುಖ್ಯ ನಾಳದಿಂದ ತುಸು ದೂರದಲ್ಲಿ, 1.3 ಸೆಂಟಿಮೀಟರಿನ ಒಂದೇ ಗಂಟು. ಅದರಲ್ಲೂ ಸಿಗದಿದ್ದರೆ ಗ್ಯಾಲಿಯಂ-68 ಸೇರಿಸಿದ ಎಕ್ಸೆಂಡಿನ್ ಎಂಬ ವಸ್ತುವಿನಿಂದ ಮಾಡುವ ಪೆಟ್ ಸ್ಕ್ಯಾನ್ ಇದೆ, ಅದು ಕೆಲವೇ ಕೇಂದ್ರಗಳಲ್ಲಿ ಲಭ್ಯ. ಧಮನಿಗೆ ಕ್ಯಾಲ್ಸಿಯಂ ಚುಚ್ಚಿ ಗ್ರಂಥಿಯ ಯಾವ ಭಾಗದಿಂದ ಇನ್ಸುಲಿನ್ ಚಿಮ್ಮುತ್ತದೆಂದು ನೋಡುವ ಪರೀಕ್ಷೆಯೂ ಇದೆ. ನನಗೆ ಇವು ಬೇಕಾಗಲಿಲ್ಲ. ಮನೆತನದಲ್ಲಿ ಮೂತ್ರಪಿಂಡದ ಕಲ್ಲು, ಪ್ಯಾರಾಥೈರಾಯ್ಡ್ ತೊಂದರೆ ಯಾರಿಗಾದರೂ ಇತ್ತೇ ಎಂದು ವಿಚಾರಿಸಿ, ಕ್ಯಾಲ್ಸಿಯಂ ಮತ್ತಿತರ ಹಾರ್ಮೋನು ನೋಡಿದರು. ಮೆನ್-1 ಎಂಬ ಆನುವಂಶಿಕ ಕಾಯಿಲೆಯಲ್ಲಿ ಇಂಥ ಗೆಡ್ಡೆಗಳು ಹಲವು ಇರಬಹುದು. ನನಗೆ ಅದರ ಸುಳಿವು ಇರಲಿಲ್ಲ.

ಶಸ್ತ್ರಚಿಕಿತ್ಸೆಯ ದಿನ ಬರುವವರೆಗೆ ಸಕ್ಕರೆ ಕಾಪಾಡಿಕೊಳ್ಳುವುದೇ ಮನೆಯ ಕೆಲಸವಾಯಿತು. ಬೀಟಾ ಕೋಶಗಳು ಇನ್ಸುಲಿನ್ ಬಿಡದಂತೆ ತಡೆಯುವ ಡಯಾಜಾಕ್ಸೈಡ್ ಎಂಬ ಔಷಧಿ ಇದೆ, ಸುಲಭವಾಗಿ ಸಿಗುವಂಥದ್ದಲ್ಲ. ಸಿಕ್ಕಷ್ಟು ತೆಗೆದುಕೊಂಡೆ, ಕಾಲು ಊದಿಕೊಂಡಿತು. ರಾತ್ರಿ ಮಲಗುವ ಮುನ್ನ ಬೇಯಿಸದ ಕಾರ್ನ್‌ಫ್ಲೋರನ್ನು ತಣ್ಣನೆಯ ಹಾಲಿನಲ್ಲಿ ಕದಡಿ ಕುಡಿಯುತ್ತಿದ್ದೆ. ಹಸಿ ಪಿಷ್ಟ ನಿಧಾನವಾಗಿ ಜೀರ್ಣವಾಗಿ ಕೆಲವು ಗಂಟೆ ಸಕ್ಕರೆ ಒದಗಿಸುತ್ತದೆ. ಬಿಸಿ ಮಾಡಿದರೆ ಆ ಗುಣ ಹೋಗುತ್ತದೆ. ನಡುರಾತ್ರಿ ಅಲಾರಂ ಇಟ್ಟು ಮತ್ತೊಮ್ಮೆ ತಿನ್ನುವುದು. ತೋಳಿಗೆ ಅಂಟಿಸಿದ ಸೆನ್ಸರ್ ಸಕ್ಕರೆ ಇಳಿದಾಗ ಕೂಗುತ್ತಿತ್ತು, ಅದಕ್ಕಿಂತ ಮೊದಲೇ ಅತ್ತೆಯವರು ಎದ್ದಿರುತ್ತಿದ್ದರು. ಪದೇ ಪದೇ ಸಕ್ಕರೆ ಕುಸಿದವರಲ್ಲಿ ಬೆವರು, ನಡುಕದಂಥ ಮುನ್ಸೂಚನೆಗಳೇ ಮೊಂಡಾಗುತ್ತವೆ; ಆದ್ದರಿಂದ ಮನೆಯವರ ಕಣ್ಣು ದೊಡ್ಡ ರಕ್ಷಣೆ.

ಗೆಡ್ಡೆ ಎಂದೊಡನೆ ನೆಂಟರೆಲ್ಲ ಕ್ಯಾನ್ಸರ್ ಎಂದು ಅಳತೊಡಗಿದರು. ಶಸ್ತ್ರವೈದ್ಯರು ಯಜಮಾನರನ್ನೂ ನನ್ನನ್ನೂ ಕೂರಿಸಿಕೊಂಡು, ಹತ್ತರಲ್ಲಿ ಒಂಬತ್ತು ಇನ್ಸುಲಿನೋಮಾಗಳು ಹರಡುವ ಬಗೆಯವಲ್ಲ, ತೆಗೆದರೆ ಗುಣ ಎಂದರು. ಕಷ್ಟದ ಮಾತನ್ನೂ ಮುಚ್ಚಿಡಲಿಲ್ಲ. ಮೇದೋಜೀರಕ ಮುಟ್ಟಿದರೆ ಸೋರುವ ಅಂಗ; ಅದರ ಜೀರ್ಣರಸ ಗಾಯದಿಂದ ಹೊರಬಂದರೆ ನಳಿಕೆ ಬಹುದಿನ ಇಟ್ಟುಕೊಳ್ಳಬೇಕಾದೀತು. ಗೆಡ್ಡೆ ನಾಳಕ್ಕೆ ಅಂಟಿದ್ದರೆ ಗ್ರಂಥಿಯ ಎಡಭಾಗವನ್ನೇ ತೆಗೆಯಬೇಕಾಗಬಹುದು, ಜೊತೆಗೆ ಗುಲ್ಮವೂ ಹೋಗಬಹುದು ಎಂದು ಮುಂಚಿತವಾಗಿ ಲಸಿಕೆಗಳನ್ನೂ ಕೊಟ್ಟರು.

ಲ್ಯಾಪರೋಸ್ಕೋಪಿಯಿಂದಲೇ ಆಯಿತು. ಒಳಗೇ ಇರಿಸಿದ ಅಲ್ಟ್ರಾಸೌಂಡಿನಿಂದ ಗೆಡ್ಡೆ ಮತ್ತು ನಾಳದ ನಡುವಿನ ಅಂತರ ನೋಡಿ, ಇನ್ನೊಂದು ಗೆಡ್ಡೆ ಇಲ್ಲವೆಂದು ಖಚಿತಪಡಿಸಿಕೊಂಡು, ಅದೊಂದನ್ನೇ ಬಿಡಿಸಿ ತೆಗೆದರು. ಗ್ರಂಥಿಯೂ ಗುಲ್ಮವೂ ಉಳಿದವು. ಅರಿವಳಿಕೆ ವೈದ್ಯರು ಆಗಾಗ ಸಕ್ಕರೆ ನೋಡುತ್ತಿದ್ದರು. ಗೆಡ್ಡೆ ಹೊರಬಂದ ಗಂಟೆಯೊಳಗೆ ಸಂಖ್ಯೆ ಏರತೊಡಗಿತೆಂದು ಶಸ್ತ್ರವೈದ್ಯರು ಹೊರಗೆ ಬಂದು ಯಜಮಾನರಿಗೆ ಹೇಳಿದರಂತೆ. ಅಂದು ರಾತ್ರಿ ಅದು ಇನ್ನೂರನ್ನು ಮುಟ್ಟಿತು. ಇಷ್ಟು ಕಾಲ ಗೆಡ್ಡೆಯ ಅಬ್ಬರದಲ್ಲಿ ಸುಮ್ಮನಾಗಿದ್ದ ಆರೋಗ್ಯವಂತ ಬೀಟಾ ಕೋಶಗಳು ಎಚ್ಚರಗೊಳ್ಳಲು ಕೆಲವು ದಿನ ಬೇಕು. ಅದಕ್ಕೆ ಹೆದರಬೇಕಿಲ್ಲ ಎಂದರು. ಹಾಗೆಯೇ ಆಯಿತು.

ನಳಿಕೆಯ ದ್ರವದಲ್ಲಿ ಮೇದೋಜೀರಕದ ಜೀರ್ಣರಸದಲ್ಲಿರುವ ಅಮೈಲೇಸ್ ಹೆಚ್ಚಿದ್ದುದರಿಂದ ಸಣ್ಣ ಸೋರಿಕೆ ಇದೆಯೆಂದು ತಿಳಿಯಿತು. ಜ್ವರವಿರಲಿಲ್ಲ, ಊಟ ಮಾಡಬಹುದಿತ್ತು. ನಳಿಕೆ ಮತ್ತು ಚೀಲದೊಂದಿಗೇ ಮನೆಗೆ ಬಂದೆ. ಅಳತೆಯ ಲೋಟದಲ್ಲಿ ದಿನದ ದ್ರವ ಅಳೆದು ಪುಸ್ತಕದಲ್ಲಿ ಬರೆಯುವುದನ್ನು ಮಗ ವಹಿಸಿಕೊಂಡ. ಪ್ರಮಾಣ ಇಳಿಯುತ್ತ ಬಂದು, ಒಂದು ದಿನ ನಳಿಕೆ ತೆಗೆದರು. ಬಯಾಪ್ಸಿ ವರದಿಯಲ್ಲಿ ನ್ಯೂರೋಎಂಡೋಕ್ರೈನ್ (ಹಾರ್ಮೋನು ಸ್ರವಿಸುವ ಕೋಶಗಳ) ಗೆಡ್ಡೆ, ಒಂದನೆಯ ದರ್ಜೆ, ಕೋಶ ವಿಭಜನೆಯ ವೇಗ ತೋರಿಸುವ ಕಿ-67 ಮೂರು ಪ್ರತಿಶತಕ್ಕಿಂತ ಕಡಿಮೆ ಎಂದಿತ್ತು. ಕೋಶಗಳು ನಿಧಾನವಾಗಿ ವಿಭಜಿಸುವ ಸೌಮ್ಯ ಬಗೆ. ಒಂಟಿ ಗೆಡ್ಡೆಯನ್ನು ಪೂರ್ತಿ ತೆಗೆದವರಲ್ಲಿ ಮರುಕಳಿಸುವುದು ಅಪರೂಪವೆಂದು, ವರ್ಷಕ್ಕೊಮ್ಮೆ ಬಂದು ತೋರಿಸಿಕೊಂಡರೆ ಸಾಕೆಂದು ತಜ್ಞೆ ಹೇಳಿದ್ದಾರೆ.

ತೂಕ ಮೆಲ್ಲಗೆ ಇಳಿಯುತ್ತಿದೆ. ಇಇಜಿ ಮತ್ತೊಮ್ಮೆ ಮಾಡಿಸಿ, ನರರೋಗ ತಜ್ಞರು ಫಿಟ್ಸ್ ಮಾತ್ರೆಯನ್ನು ಹಂತ ಹಂತವಾಗಿ ಕಡಿಮೆ ಮಾಡಿ ನಿಲ್ಲಿಸಿದ್ದಾರೆ. ಅದನ್ನು ನಾನಾಗಿಯೇ ಒಮ್ಮೆಲೇ ಬಿಡಬಾರದೆಂದು ಕಟ್ಟುನಿಟ್ಟಾಗಿ ಹೇಳಿದ್ದರು. ನಮ್ಮೂರಿನ ನರ್ಸಿಂಗ್ ಹೋಮಿಗೆ ಹೋಗಿ ಆ ಸಿಸ್ಟರಿಗೆ ಎಲ್ಲ ವರದಿಗಳ ಪ್ರತಿ ಕೊಟ್ಟು ಬಂದೆವು. ಅವರು ಉಪವಾಸ ಪರೀಕ್ಷೆಯ ಹಾಳೆಯನ್ನು ಕೊನೆಯ ಸಾಲಿನವರೆಗೆ ಓದಿ, ಸಿ-ಪೆಪ್ಟೈಡ್ ಎಂದರೇನು ಎಂದು ಕೇಳಿದರು. ತಜ್ಞೆ ನನಗೆ ಬರೆದು ತೋರಿಸಿದ್ದನ್ನು ನಾನು ಅವರಿಗೆ ಬರೆದು ತೋರಿಸಿದೆ.